ನೀರಾ ಮೀಮಾಂಸೆ

ಅಕ್ಷರದ ವಿಷಯದಲ್ಲಿ ಉದಾಸೀನನಾದವನು ಆಚಾರದ ವಿಷಯದಲ್ಲಿ ನೆಟ್ಟಗಿರುತ್ತಾನೆಂದು ನಂಬುವುದು ಹೇಗೆ? ಈ ಪ್ರಶ್ನೆಯನ್ನು ಚನ್ನಬಸಯ್ಯ ಮಾಸ್ತರರು ಕುರ್ಲಾ ಸ್ಟೇಷನ್ನಿನ ಹೊರಗೆ, ನೀರಾ ಮಾರುವ ಹಸಿರು ಗೂಡಂಗಡಿಯ ಮುಂದೆ ನಿಂತು, ರವಿವಾರ ಬೆಳಿಗ್ಗೆ ಆರೂವರೆಗೆ ತಮಗೆ ತಾವೇ ಹಾಕಿಕೊಂಡರು. ಅಂಗಡಿಯ ಹಲಗೆಯ ಮೇಲೆ ಮರಾಠಿ, ಗುಜರಾತಿಗಳ ಕೆಳಗೆ ಯಾರೋ ಪುಣ್ಯಾತ್ಮ ಕನ್ನಡದಲ್ಲಿಯೂ ಬರೆಸಿದ್ದ. ಆದರೆ 'ನಿರಾ' ಎಂದು ಬರೆಸಿದ್ದ. ದೀರ್ಘ ಬಿಟ್ಟುಹೋಗಿತ್ತು. ಆ ಹಲಗೆಯ ಕೆಳಗೆ ನೂರಾರು ಜನ ನಿಂತು, ಗ್ಲಾಸು ಬರಿದುಮಾಡಿ, ಬಾಯಿ ಒರೆಸಿಕೊಂಡು ಲೋಕಲ್ ಹಿಡಿಯಲು ಓಡುತ್ತಿದ್ದರು. ಒಬ್ಬನಿಗಾದರೂ ಗಂಟಲಲ್ಲಿ ಏನೂ ಸಿಕ್ಕಿಕೊಳ್ಳಲಿಲ್ಲ. ಮಾಸ್ತರರಿಗೆ ಮಾತ್ರ ಮೀನಿನ ಮುಳ್ಳು ಸಿಕ್ಕಿದಂತಾಯಿತು. ಅದೂ ಅವರು ಜನ್ಮದಲ್ಲಿ ಮೀನು ತಿಂದವರಲ್ಲ.

ಆಗ ಮುಂಬಯಿಯಲ್ಲಿ ಪಾನನಿಷೇಧ ಬಂದು ಮೂರು ವರ್ಷವಾಗಿತ್ತು. ಸಾರಾಯಿ ಮುಟ್ಟಿದವನಿಗೆ ಜೇಲು. ಆದರೆ ಈಚಲು, ತಾಳೆಮರಗಳಿಂದ ರಾತ್ರಿಯೆಲ್ಲ ಸುಣ್ಣ ಬಳಿದ ಮಡಕೆಗೆ ಇಳಿದ ಸಿಹಿರಸವನ್ನು, ಅದು ಹುಳಿಯಾಗುವ ಮೊದಲು, 'ನೀರಾ' ಎಂಬ ಹೆಸರಿನಿಂದ ಸ್ಟೇಷನ್ನುಗಳ ಬಳಿ ಮಾರುತ್ತಿದ್ದರು. ಕುಡಿಯಿರಿ, ಆರೋಗ್ಯಕ್ಕೆ ಹಿತ ಎಂದು ಸಾರುತ್ತಿದ್ದರು. ಒಂದೇ ಮರ, ಒಂದೇ ಮಡಕೆ. ಬೆಳಿಗ್ಗೆ ಪುಣ್ಯ, ಮಧ್ಯಾಹ್ನ ಅಪರಾಧ. ಈ ಸೂಕ್ಷ್ಮ ಕುರ್ಲಾದ ಹಮಾಲರಿಗೂ ಗೊತ್ತಿತ್ತು. ಮಾಸ್ತರರಿಗೆ ಗೊತ್ತಿರಲಿಲ್ಲ, ಏಕೆಂದರೆ ಅದು ಅವರ ನಿಘಂಟಿನಲ್ಲಿರಲಿಲ್ಲ.

ಅವರು ಅಕ್ಷರೋದಯ ಕನ್ನಡ ಶಾಲೆಯ ಮುಖ್ಯಾಧ್ಯಾಪಕರು. ಸತ್ಯವನ್ನೇ ಹೇಳಬೇಕೆಂದರೆ, ಹಂಗಾಮಿ ಮುಖ್ಯಾಧ್ಯಾಪಕರು. ಶಾಲೆಯ ಜಗುಲಿಯ ಕಪ್ಪು ಹಲಗೆಯ ಮೇಲೆ ಸಮಿತಿಯ ಸದಸ್ಯರ ಹೆಸರುಗಳೆಲ್ಲ ಬಿಳಿಯ ಬಣ್ಣದಲ್ಲಿ ಮೆರೆಯುತ್ತಿದ್ದವು. ಮಾಸ್ತರರ ಹೆಸರು ಮಾತ್ರ, ಹುದ್ದೆ ಹಂಗಾಮಿಯಾದ್ದರಿಂದ, ಸುಣ್ಣದ ಕಡ್ಡಿಯಲ್ಲಿತ್ತು: 'ಚ. ಬ. ಹಿರೇಮಠ, ಹಂಗಾಮಿ ಮುಖ್ಯಾಧ್ಯಾಪಕ'. ಗಾಳಿಗೂ ಮಕ್ಕಳ ಬೆನ್ನಿಗೂ ಅದು ಅಳಿಸಿಹೋಗುತ್ತಿತ್ತು. ಪ್ರತಿ ಸೋಮವಾರ ಮಾಸ್ತರರು ತಮ್ಮ ಕೈಯಿಂದಲೇ ಅದನ್ನು ತಿದ್ದಿ ಗಟ್ಟಿಮಾಡಬೇಕಾಗಿತ್ತು. ಏಳು ವರ್ಷ! ಮನುಷ್ಯನೊಬ್ಬ ತನ್ನ ಅವಮಾನವನ್ನು ತಾನೇ ದುಂಡಕ್ಷರದಲ್ಲಿ ಬರೆದುಕೊಳ್ಳುವುದಕ್ಕಿಂತ ದೊಡ್ಡ ಶಿಕ್ಷೆ ಯಾವ ಸ್ಮೃತಿಯಲ್ಲಿದೆ? ಆ ಒಂದು ಶಬ್ದ ಅಳಿಸಿಹೋಗಿ 'ಕಾಯಂ' ಆಗಬೇಕು. ಮಾಸ್ತರರ ಬಾಳಿನಲ್ಲಿ ಉಳಿದಿದ್ದ ಆಸೆ ಇಷ್ಟೇ.

ಶಾಲೆಯ ನಿಯಮಾವಳಿಯನ್ನು ಬರೆದುಕೊಟ್ಟವರೂ ಅವರೇ. ಅದರ ಮೊದಲನೆಯ ನಿಯಮ: 'ಮದ್ಯವ್ಯಸನಿಗೆ ಈ ಶಾಲೆಯಲ್ಲಿ ಕಾಯಂ ಹುದ್ದೆ ಸಲ್ಲದು.' ಸಮಿತಿಯ ಅಧ್ಯಕ್ಷರಾದ ಹೋಟೆಲಿನ ದೂಜ ಶೆಟ್ಟರು ಅದನ್ನು ಓದಿ ಬಹಳ ಮೆಚ್ಚಿದ್ದರು. ಮೆಚ್ಚಿ, ಮಾಸ್ತರರನ್ನು ಹಂಗಾಮಿಯಾಗಿಯೇ ಇಟ್ಟಿದ್ದರು.

ಈ ದಿನ ನಾಲ್ಕು ಗಂಟೆಗೆ ಶಾಲೆಯಲ್ಲಿ ಪಾನನಿಷೇಧ ಸಪ್ತಾಹದ ಸಭೆ. ಮಾಸ್ತರರ ಉಪನ್ಯಾಸ: 'ನೀರಾ ಎಂಬ ಶಬ್ದದ ಅರ್ಥ, ರೂಪ ಮತ್ತು ಮೂಲ'. ಉಪನ್ಯಾಸ ಚೆನ್ನಾಗಿ ಆದರೆ ಶೆಟ್ಟರು ವೇದಿಕೆಯ ಮೇಲೆಯೇ ಒಂದು ಘೋಷಣೆ ಮಾಡುವರೆಂದು ಊಹೆಯಿತ್ತು. ಬರಿಯ ಶಬ್ದದಿಂದ ಜನ ತೃಪ್ತರಾಗುವುದಿಲ್ಲ, ಪದಾರ್ಥವೂ ಬೇಕು ಎಂದು ಮಾಸ್ತರರು ಪಕ್ಕದ ಖೋಲಿಯ ರುದ್ರವ್ವನ ಹಾಲಿನ ಕ್ಯಾನನ್ನು ಕಡ ತಂದು ಈಗ ಗೂಡಂಗಡಿಯ ಮುಂದೆ ನಿಂತಿದ್ದರು.

"ಮಾಸ್ತರ್‌ಜೀ, ಯಹೀಂ ಪೀನೇಕಾ. ಘರ್ ಲೇ ಜಾನಾ ಮನಾ ಹೈ," ಎಂದ ಅಂಗಡಿಯ ಭಯ್ಯಾ. ನೀರಾವನ್ನು ಅಲ್ಲಿಯೇ ನಿಂತು ಕುಡಿಯಬೇಕು, ಮನೆಗೆ ಒಯ್ಯಕೂಡದು ಎಂಬುದು ಅಲ್ಲಿಯ ಕಟ್ಟಳೆ.

ಮಾಸ್ತರರು ಸಭೆಯ ಆಮಂತ್ರಣಪತ್ರವನ್ನು ತೋರಿಸಿದರು. ಹಲಗೆಯ ಮೇಲಿನ ದೀರ್ಘದ ವಿಷಯವನ್ನೂ ತೋರಿಸಿದರು. ಸಂಸ್ಕೃತದ 'ನೀರ'ವೂ ಕನ್ನಡದ 'ನೀರು' ಎಂಬುದರಿಂದಲೇ ಹುಟ್ಟಿದೆ ಎಂಬ ವಾದವನ್ನು ಅರ್ಧ ಹಿಂದಿಯಲ್ಲಿ ಮಂಡಿಸತೊಡಗಿದರು. ಹಿಂದೆ ಸಾಲು ಬೆಳೆಯಿತು; ಲೋಕಲ್ ತಪ್ಪಿದವರು ಬೈಯತೊಡಗಿದರು. ಭಯ್ಯಾ ಕೈಮುಗಿದು ಕ್ಯಾನು ತುಂಬಿಕೊಟ್ಟ.

"ಲೇಕಿನ್ ನೌ ಬಜೇ ಕೇ ಪೆಹಲೇ ಪೀ ಲೇನಾ. ಧೂಪ್ ಲಗೀ ತೋ ಯೇ ನೀರಾ ನಹೀಂ ರಹೇಗಾ!"

ಒಂಬತ್ತರೊಳಗೆ ಕುಡಿದು ಮುಗಿಸಬೇಕು, ಬಿಸಿಲು ತಗುಲಿದರೆ ಅದು ನೀರಾ ಆಗಿ ಉಳಿಯುವುದಿಲ್ಲ! ಮಾಸ್ತರರು ಮರುಕದ ನಗೆ ನಕ್ಕರು. ಗಡಿಯಾರ ನೋಡಿಕೊಂಡು ಹೆಸರು ಬದಲಿಸುವ ಪದಾರ್ಥ ಜಗತ್ತಿನಲ್ಲಿ ಉಂಟೇ? ಬೆಲ್ಲ ಹನ್ನೆರಡಕ್ಕೆ ಬೇವಾಗುತ್ತದೆಯೇ? ಅವಿದ್ಯೆಗೆ ಮಿತಿಯಿಲ್ಲ ಎಂದುಕೊಂಡು ಅವರು ಚಾಳಿನ ದಾರಿ ಹಿಡಿದರು.

ಹೆಂಡತಿ ಹೆರಿಗೆಗೆಂದು ಗದಗಕ್ಕೆ ಹೋಗಿದ್ದಳು. ಖೋಲಿಯ ತುಂಬ ಇರುವೆಗಳ ಸಂಸಾರ. ಆದ್ದರಿಂದ ಮಾಸ್ತರರು ಕ್ಯಾನನ್ನು ಹೊರಗೆ, ಗ್ಯಾಲರಿಯ ಕಟಕಟೆಯ ಮೊಳೆಗೆ, ಪೂರ್ವದ ಬಿಸಿಲು ನೇರವಾಗಿ ಬೀಳುವಲ್ಲಿ ತೂಗುಹಾಕಿದರು. ಗಿರಣಿಯವರಿಗೆ ಜೋಳದ ರೊಟ್ಟಿ ಬಡಿದುಕೊಡುವ ರುದ್ರವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಮಾಸ್ತರ, ಅದೇನದು ಕ್ಯಾನಿನ್ಯಾಗ?"

"ನೀರಾ."

"ನೀರು ನಳದಾಗ ಬರಾಕತ್ತೇತಲ್ರಿ. ಕ್ಯಾನಿನ್ಯಾಗ ಯಾಕ ಹಿಡದ್ರಿ?"

"ರುದ್ರವ್ವನವರೇ, ನೀವು ಅರಿಯದೆಯೇ ಸತ್ಯವನ್ನು ನುಡಿದಿರಿ! ಇದೂ ನೀರೇ. ಎಳನೀರು, ಪನ್ನೀರು, ತಿಳಿನೀರು, ಇವರೆಲ್ಲ ಇದರ ಅಕ್ಕತಂಗಿಯರು."

"ಯಪ್ಪಾ, ನಿಮ್ಮ ನೀರಿನ ಬೀಗರ ಲೆಕ್ಕ ನನಗ ತಿಳಿಯಂಗಿಲ್ಲ," ಎಂದು ರುದ್ರವ್ವ ಒಳಗೆ ಹೋದಳು. ಮಾಸ್ತರರು ಬೆಂಚು ಹಾಕಿಸಲು, ತೋರಣ ಕಟ್ಟಿಸಲು ಶಾಲೆಗೆ ಹೋದರು. ಅಕ್ಟೋಬರದ ಬಿಸಿಲು ಕ್ಯಾನಿನ ಮೇಲೆ ತನ್ನ ಕೆಲಸ ನಡೆಸಿತು.

ಮೂರು ಗಂಟೆಗೆ ಅವರು ಕ್ಯಾನು ಒಯ್ಯಲು ಮರಳಿ ಬಂದಾಗ ಅದು ಮೊಳೆಯ ಮೇಲಿರಲಿಲ್ಲ. ರುದ್ರವ್ವನ ಬಾಗಿಲಲ್ಲಿ, ನೆರಳಿನಲ್ಲಿ, ಥಳಥಳ ಹೊಳೆಯುತ್ತ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿಸಿಕೊಂಡು, ಶಸ್ತ್ರಕ್ರಿಯೆಯಾದ ರೋಗಿಯಂತೆ ಕುಳಿತಿತ್ತು. ರುದ್ರವ್ವ ಸೆರಗು ತಿರುವುತ್ತ ನಿಂತಿದ್ದಳು.

"ಮಾಸ್ತರ, ಆ ಕ್ಯಾನಿಂದು ಒಂದು ಮಾತು ಹೇಳಬೇಕಿತ್ತು..."

"'ಕ್ಯಾನಿನದು' ಎನ್ನಿರಿ."

"ಹೂನ್ರಿ, ಕ್ಯಾನಿನದು. ಮದ್ಯಾನ ಏನಾತಂದ್ರ..."

"ಮಧ್ಯಾಹ್ನ!" ಎಂದು ಮಾಸ್ತರರು ಕಿವಿ ಮುಚ್ಚಿಕೊಂಡರು. "ಇಂದಿನ ಪವಿತ್ರ ದಿನದಲ್ಲಾದರೂ ಆ ಶಬ್ದದೊಳಗೆ ಮದ್ಯವನ್ನು ತರಬೇಡಿರಿ, ತಾಯಿ. ಧಕಾರ ಮಹಾಪ್ರಾಣ. ಎದೆಯಿಂದ ಉಸಿರು ಬರಬೇಕು. ಎಲ್ಲಿ, ಇನ್ನೊಮ್ಮೆ?"

ರುದ್ರವ್ವ ಎದೆಯಿಂದ ಉಸಿರನ್ನಂತೂ ಬಿಟ್ಟಳು. "ಹೋಗಿ ಬರ್ರಿ. ಸಂಜೀಗೆ ಕ್ಯಾನು ಒಯ್ಯಾಕ ನಾನs ಸಾಲಿಗೆ ಬರತೀನಿ," ಎಂದಷ್ಟೇ ಹೇಳಿದಳು.

ಸಭೆಗೆ ಅರವತ್ತು ಜನ ಸೇರಿದ್ದರು. ವೇದಿಕೆಯ ಮೇಲೆ ಮೂರು ಕುರ್ಚಿ. ನಡುವೆ ಅಧ್ಯಕ್ಷ ದೂಜ ಶೆಟ್ಟರು: ಜೀವಮಾನದಲ್ಲಿ ಕಾಫಿಗಿಂತ ಕಡಕ್ಕಾದದ್ದನ್ನು ಕುಡಿಯದವರು. ಎಡಕ್ಕೆ ಶಾಲಾ ಸಮಿತಿಯ ಡಾಕ್ಟರ್ ಜಯಸಿಂಹ: ಮೈಸೂರಿನ ಕಡೆಯವರು, ಸದಾ ತೊಡೆಯ ಮೇಲೆ ಔಷಧದ ಚೀಲ. ಬಲಕ್ಕೆ ಮುಖ್ಯ ಅತಿಥಿ, ನಿವೃತ್ತ ಪೊಲೀಸ್ ಜಮಾದಾರ ದಾನಪ್ಪನವರು. ದಾನಪ್ಪನವರಿಗಿಂತ ಅವರ ಮೂಗು ಹೆಚ್ಚು ಪ್ರಸಿದ್ಧ. ಕಳ್ಳಭಟ್ಟಿ ಹಿಡಿಯುವಲ್ಲಿ ಮೂವತ್ತೊಂದು ವರ್ಷ ಸವೆಸಿದ ಮೂಗು ಅದು. ಅದು ಸಾಕ್ಷಿ ನುಡಿದ ಒಂದು ಮೊಕದ್ದಮೆಯೂ ಬಿದ್ದುಹೋಗಿರಲಿಲ್ಲ. ಈಗ ಅವರು ಊರೂರಿಗೆ ಹೋಗಿ ಪಾನನಿಷೇಧದ ಭಾಷಣ ಮಾಡುತ್ತಿದ್ದರು. ಜನ ಭಾಷಣ ಕೇಳುವುದಕ್ಕಿಂತ ಮೂಗು ನೋಡಲು ಬರುತ್ತಿದ್ದರು.

ಮಾಸ್ತರರು ಕ್ಯಾನಿನಿಂದ ಮೂರು ಗ್ಲಾಸು ತುಂಬಿ ಗಣ್ಯರ ಮುಂದಿಟ್ಟರು. ನಾಲ್ಕನೆಯ ಗ್ಲಾಸು ಇರಲಿಲ್ಲ. ಅಲ್ಲದೆ ಉಪನ್ಯಾಸಕನು ಒಣ ಗಂಟಲಿನಲ್ಲಿ ಸತ್ಯವನ್ನು ನುಡಿಯಬೇಕೆಂಬುದು ಅವರ ವ್ರತ. ಬಳಿಕ ಕೆಮ್ಮಿ ಆರಂಭಿಸಿದರು.

"ಮಹನೀಯರೇ, ಶಬ್ದವೇ ಬ್ರಹ್ಮ. ಆದರೆ ಈ ನಗರದಲ್ಲಿ ಬ್ರಹ್ಮನ ಹಣೆಯ ಮೇಲಿನ ದೀರ್ಘವನ್ನೇ ಅಳಿಸುವ ದುರುಳರಿದ್ದಾರೆ..."

ಮೊದಲ ಅರ್ಧ ಗಂಟೆ ಆ ದೀರ್ಘಕ್ಕೇ ಹೋಯಿತು. ಎರಡನೆಯ ಅರ್ಧ ಗಂಟೆಯಲ್ಲಿ ಮಾಸ್ತರರು ಮೂಲಕ್ಕೆ ಇಳಿದರು. ಎಷ್ಟು ಇಳಿದರೆಂದರೆ ಮೇಲೆ ಬರುವ ಲಕ್ಷಣ ಕಾಣಲಿಲ್ಲ. ಫ್ಯಾನಿಲ್ಲದ ಕೋಣೆ. ಗಣ್ಯರಿಗೆ ಎದ್ದುಹೋಗುವಂತಿಲ್ಲ, ಮಲಗುವಂತಿಲ್ಲ, ಕುಡಿಯಬಹುದಾಗಿತ್ತು, ಕುಡಿದರು. ಶೆಟ್ಟರು ಮೂರು ಗ್ಲಾಸು, ಡಾಕ್ಟರು ಮೂರು, ದಾನಪ್ಪನವರು ನಾಲ್ಕು.

"ಭಾಳ ಚಲೋ ಐತಿ. ಹೊಟ್ಟಿ ತಣ್ಣಗಾತು," ಎಂದು ದಾನಪ್ಪನವರು ಪಿಸುಗುಟ್ಟಿದರು.

ಆಗ ಮಾಸ್ತರರ ಸತ್ಯನಿಷ್ಠೆ ಅವರನ್ನು ಹಳ್ಳಕ್ಕೆ ತಳ್ಳಿತು. "ಪೂರ್ವಪಕ್ಷವನ್ನೂ ಹೇಳುವುದು ವಿದ್ವಾಂಸನ ಧರ್ಮ," ಎಂದರು ಅವರು. "ಇಂದು ಬೆಳಿಗ್ಗೆ ಏಳು ಗಂಟೆಗೆ ಈ ಪಾನೀಯವನ್ನು ನನಗೆ ಕೊಟ್ಟ ಅವಿದ್ಯಾವಂತನು, ಒಂಬತ್ತರ ಬಳಿಕ ಬಿಸಿಲು ತಗುಲಿದರೆ ಇದು ನೀರಾ ಆಗಿ ಉಳಿಯುವುದಿಲ್ಲ ಎಂದನು! ಇದನ್ನು ನಾನು ದಿನವಿಡೀ ಬಿಸಿಲಿನಲ್ಲಿ ತೂಗುಹಾಕಿದ್ದೆ. ಹೇಳಿರಿ, ಇದರ ಹೆಸರು ಬದಲಾಗಿದೆಯೇ?"

ದಾನಪ್ಪನವರು ಗ್ಲಾಸನ್ನು ನೋಡಿದರು. ಗೋಡೆಯ ಗಡಿಯಾರ ನೋಡಿದರು. ಐದು ಗಂಟೆ ಹತ್ತು ನಿಮಿಷ. ನಾಡಿನ ಆ ಸುಪ್ರಸಿದ್ಧ ಮೂಗನ್ನು ಗ್ಲಾಸಿನೊಳಗೆ ಇಳಿಬಿಟ್ಟು ಒಂದು ದೀರ್ಘಶ್ವಾಸ ಎಳೆದರು. ಮುಖ ಬೂದಿಬಣ್ಣಕ್ಕೆ ತಿರುಗಿತು.

"ಏರೈತಿ!" ಎಂದು ಅವರು ಕೂಗಿದರು. "ಇದು ಏರಿಬಿಟ್ಟೈತಿ! ಶೇಂದಿ!"

"ಶೇಂದಿ ಅಂದ್ರೆ ಎಂತದು?" ಎಂದರು ಶೆಟ್ಟರು ಗಾಬರಿಯಿಂದ.

"ಮರದ ರಸ ಹುಳಿ ಬಂದು ನಶಾ ಏರೋದ್ರೀ, ಶೆಟ್ಟರ!"

"ಅಯ್ಯೋ ದೇವರೇ! ಹಾಗಾದ್ರೆ ಕಳ್ಳು ಅಂತ ಹೇಳಿ ಮಾರಾಯ್ರೆ! ನಾನು ಮೂರು ಗ್ಲಾಸು ಕಳ್ಳು ಕುಡಿದೆನಾ?"

"ಮುಂಬಯೀಲಿ ಇದ್ದೀವಿ ಸ್ವಾಮಿ, ತಾಡಿ ಅನ್ನಿ," ಎಂದರು ಡಾಕ್ಟರು. "ಪೊಲೀಸ್ನೋರಿಗೆ ಹಾಗಂದ್ರೇನೇ ಅರ್ಥ ಆಗೋದು."

ಮಾಸ್ತರರ ಕಣ್ಣು ಬೆಳಗಿತು. ವೇದಿಕೆಯಿಂದಲೇ ಇಂಥ ಜಿಜ್ಞಾಸೆ ಏಳುವುದೆಂದು ಅವರು ನಿರೀಕ್ಷಿಸಿರಲಿಲ್ಲ. ಬೋರ್ಡಿನ ಮೇಲೆ ಶೇಂದಿ, ಕಳ್ಳು, ತಾಡಿ ಎಂದು ಒಂದರ ಕೆಳಗೊಂದು ಬರೆದು, "ಮೂರೂ ಭಿನ್ನ ಮೂಲದ ಶಬ್ದಗಳು! ತಾಡಿ ಎಂಬುದು ತಾಳವೃಕ್ಷದಿಂದ ಬಂದದ್ದು, ಇಂಗ್ಲಿಷರು ಇದನ್ನೇ ಟಾಡಿ ಎಂದು ಕೆಡಿಸಿಕೊಂಡರು," ಎಂದು ವಿವರಿಸತೊಡಗಿದರು. ಆದರೆ ವೇದಿಕೆಯ ಮೇಲೆ ಆಗಲೇ ಪ್ರಳಯವಾಗಿತ್ತು.

"ನನ್ನ ಮಂಡೆ ತಿರುಗ್ತಾ ಉಂಟು," ಎಂದರು ಶೆಟ್ಟರು. ಅವರು ಎಂದೂ ಕುಡಿದವರಲ್ಲ. ಕುಡಿದರೆ ಏನಾಗುತ್ತದೆಂಬುದನ್ನು ನಾಟಕಗಳಲ್ಲಿ ಮಾತ್ರ ನೋಡಿದ್ದರು. ನಾಟಕದ ಕುಡುಕ ಮೊದಲು ಅಳುತ್ತಾನೆ, ಶೆಟ್ಟರು ಅತ್ತರು. ಬಳಿಕ ಅಪ್ಪಿಕೊಳ್ಳುತ್ತಾನೆ, ಮಾಸ್ತರರನ್ನು ಅಪ್ಪಿಕೊಂಡರು. ಆಮೇಲೆ ನಿಜ ಹೇಳುತ್ತಾನೆ.

"ಮಾಸ್ಟ್ರೇ, ನಿಮ್ಮಂಥ ಜನ ಇಲ್ಲ! ಏಳು ವರ್ಷ ಯಾಕೆ ಹಂಗಾಮಿ ಇಟ್ಟೆ ಗೊತ್ತುಂಟಾ? ಕಾಯಂ ಮಾಡಿದ್ರೆ ನನ್ನ ಹೋಟೆಲಿನ ಬೋರ್ಡಿನಲ್ಲಿ ತಪ್ಪು ಹುಡುಕ್ತೀರಿ ಅಂತ ಹೆದರಿಕೆ! ಇನ್ನು ಇಲ್ಲ. ಇವತ್ತಿನಿಂದ ನೀವು ಕಾಯಂ!"

ಅಷ್ಟು ಹೇಳಿ ಅವರು ತೂರಾಡುತ್ತ ಜಗುಲಿಗೆ ಹೋಗಿ, ಅರವತ್ತು ಜನರ ಕಣ್ಣೆದುರಿನಲ್ಲಿ, ಹಲಗೆಯ ಮೇಲಿನ 'ಹಂಗಾಮಿ'ಯನ್ನು ತಮ್ಮ ಜರಿಯಂಚಿನ ಶಲ್ಯದಿಂದ ಒರೆಸಿಹಾಕಿದರು. ಮಾಸ್ತರರ ಕಣ್ಣಲ್ಲಿ ನೀರು ಬಂತು. ಆ ನೀರಿನ ವ್ಯುತ್ಪತ್ತಿಯನ್ನು ಮಾತ್ರ ಅವರು ಹೇಳಲಿಲ್ಲ.

ಶೆಟ್ಟರು ಅಷ್ಟಕ್ಕೇ ನಿಲ್ಲಬಹುದಾಗಿತ್ತು. ಆದರೆ ಸತ್ಯವೆಂಬುದು ಒಮ್ಮೆ ಬಾಗಿಲು ತೆರೆದರೆ ದೊಡ್ಡಿಯ ದನದಂತೆ ಒಟ್ಟಾಗಿ ನುಗ್ಗುತ್ತದೆ. "ಮತ್ತೆ ಈ ದಾನಪ್ಪ! ಮೂಗಂತೆ ಮೂಗು! ನನ್ನ ಹೋಟೆಲಿಗೆ ಬಂದು, ಹಳಸಿದ್ದುಂಟಾ ನೋಡ್ತೇನೆ ಅಂತ ಮೂಸಿ ಮೂಸಿ ನಾಲ್ಕು ಸಲ ಸಾಂಬಾರು ಹಾಕಿಸ್ಕೊಳ್ತಾನೆ! ಕತ್ತೆ!"

"ನೀವು ಹೇಳಿದ್ದು ಸರಿ, ನಾನೂ ಹೇಳಿಬಿಡ್ತೀನಿ," ಎಂದು ಡಾಕ್ಟರು ಮೇಜಿನ ಮೇಲೆ ಹತ್ತಿದರು. "ಕುರ್ಲಾದ ಮಹಾಜನರೇ! ತಲೆನೋವಿಗೂ ಅದೇ ಗುಲಾಬಿ ಔಷಧ, ಹೊಟ್ಟೆನೋವಿಗೂ ಅದೇ ಗುಲಾಬಿ ಔಷಧ. ಒಳಗಿರೋದು ಏನು ಅಂತ ನನಗೂ ಮರೆತುಹೋಗಿದೆ!"

ದಾನಪ್ಪನವರು ಮಾತ್ರ ಕರ್ತವ್ಯ ಮರೆಯಲಿಲ್ಲ. ಎದ್ದು ನಿಂತು, ತಮ್ಮ ಬಲಗೈಯಿಂದ ತಮ್ಮ ಎಡಗೈಯ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಕುಡದವನನ್ನ ಹಿಡದೀನಿ! ಯಾರೂ ನಡುವ ಬರಬ್ಯಾಡ್ರಿ!" ಎಂದು ಗರ್ಜಿಸಿದರು. ಬಿಡಿಸಿಕೊಳ್ಳಲು ಎಡಗೈ ಕೊಸರಾಡಿತು; ಬಲಗೈ ಅದಕ್ಕೊಂದು ಏಟು ಹಾಕಿತು. ಆರೋಪಿಯೂ ಅಧಿಕಾರಿಯೂ ವೇದಿಕೆಯ ಮೇಲೆ ಎರಡು ಸುತ್ತು ಸುತ್ತಿ, ಒಟ್ಟಿಗೆ ಕುರ್ಚಿಯ ಮೇಲೆ ಬಿದ್ದರು.

ಜನರನ್ನು ಹೊರಗೆ ಕಳಿಸಿ, ಗಣ್ಯರನ್ನು ಆಫೀಸು ಕೋಣೆಗೆ ಸಾಗಿಸಿ, ಹುಳಿಮಜ್ಜಿಗೆ ಕುಡಿಸುವಷ್ಟರಲ್ಲಿ ಆರು ಗಂಟೆ ಹೊಡೆಯಿತು. ನಶೆ ಇಳಿಯಿತು, ಭಯ ಏರಿತು.

"ಅರವತ್ತು ಮಂದಿ ನೋಡ್ಯಾರ," ಎಂದರು ದಾನಪ್ಪನವರು ತಲೆ ಹಿಡಿದುಕೊಂಡು. "ಪಾನನಿಷೇಧದ ಸಭಾದಾಗ ಶೇಂದಿ! ನಾಳೆ ಪೊಲೀಸರು ಬಂದು ಪಂಚನಾಮೆ ಮಾಡ್ತಾರ. ಸಾಲಿಗೆ ಬೀಗ, ನಮಗೆಲ್ಲಾ ಬೇಡಿ."

ಡಾಕ್ಟರು ಚೀಲದಿಂದ ಒಂದು ಅಚ್ಚಾದ ಕಾಗದವನ್ನು ತೆಗೆದರು. ವೈದ್ಯಕೀಯ ಕಾರಣಕ್ಕಾಗಿ ಮದ್ಯ ಸೇವಿಸಲು ಪರ್ಮಿಟ್ ಬೇಡುವ ಅರ್ಜಿ ಅದು. ಶ್ರೀಮಂತ ರೋಗಿಗಳಿಗಾಗಿ ಅವರು ಸದಾ ಒಂದೆರಡನ್ನು ಇಟ್ಟುಕೊಂಡಿರುತ್ತಿದ್ದರು. "ನೋಡಿ, ಪರ್ಮಿಟ್ ಇಲ್ಲದೋನ ಹತ್ರ ಸಿಕ್ಕಿದ್ರೆ ಗುನ್ನೆ, ಇರೋನ ಹತ್ರ ಸಿಕ್ಕಿದ್ರೆ ಔಷಧ. ಹೋದ ವಾರವೇ ಒಬ್ಬರು ಅರ್ಜಿ ಕೊಟ್ಟಿದ್ರು, ಕ್ಯಾನು ಅವರದ್ದು, ನಮ್ಮ ಗ್ಲಾಸಿಗೆ ಅಕಸ್ಮಾತ್ ಬಂತು ಅಂದ್ರೆ ಎಲ್ಲರೂ ಬಚಾವ್. ಕ್ಯಾನು ತಂದೋರು ಯಾರು?"

ಮೂವರೂ ಮಾಸ್ತರರನ್ನು ನೋಡಿದರು.

"ನಾನು?" ಎಂದರು ಮಾಸ್ತರರು. "ಚಹವನ್ನೂ ಮುಟ್ಟದ ನಾನು ಮದ್ಯವ್ಯಸನಿಯೆಂದು ಸಹಿ ಹಾಕಬೇಕೇ? ಅಸತ್ಯ! ಅಧರ್ಮ! ಹಿಂದಿನ ತಾರೀಖು ಹಾಕುವುದ..."

"ಮುನ್ನೂರು ಮಕ್ಕಳುಂಟು ಮಾಸ್ಟ್ರೇ ಶಾಲೆಯಲ್ಲಿ," ಎಂದರು ಶೆಟ್ಟರು ಮೆಲ್ಲಗೆ. "ಬೀಗ ಬಿದ್ರೆ ಕನ್ನಡ ಯಾರು ಕಲಿಸೋದು? ಮತ್ತೆ ಆ ಹಲಗೆ ನೋಡಿದ್ರಲ್ಲ. ಒರೆಸಿದ್ದು ಒರೆಸಿದ್ದೇ. ದೂಜ ಶೆಟ್ಟಿ ಕೊಟ್ಟ ಮಾತು ತಪ್ಪುವ ಜನ ಅಲ್ಲ."

ಮಾಸ್ತರರು ಕಣ್ಣು ಮುಚ್ಚಿದರು. ಒಂದು ಕಡೆ ಸತ್ಯ. ಇನ್ನೊಂದು ಕಡೆ ಮುನ್ನೂರು ಮಕ್ಕಳ ಕಾಗುಣಿತ. ಇನ್ನೂ ಆಚೆಗೆ, ಸ್ವಲ್ಪ ನಾಚಿಕೊಂಡು ನಿಂತಿತ್ತು, ಒರೆಸಿದ ಹಲಗೆಯ ಒಂದು ಗೇಣು ಬರಿದು ಜಾಗ. ಅರ್ಜಿಯಲ್ಲಿದ್ದ ಎರಡು ಅಚ್ಚಿನ ತಪ್ಪುಗಳನ್ನು ತಿದ್ದಿ, ಕೆಳಗಿನ ಭಾಗ ಓದಲಾಗದಂತೆ ಕಣ್ಣು ಮಂಜಾಗಿ, ಅವರು ಸಹಿ ಹಾಕಿದರು. ಉಳಿದ ಅಂಕಣಗಳನ್ನು ಡಾಕ್ಟರು ಸರಸರನೆ ತುಂಬಿ, ಮೂಲವನ್ನು ದಾನಪ್ಪನವರಿಗೂ ನಕಲನ್ನು ಮಾಸ್ತರರ ಜೇಬಿಗೂ ಸೇರಿಸಿದರು.

ಮಾಸ್ತರರು ಜಗುಲಿಗೆ ಬಂದಾಗ ಮೆಟ್ಟಿಲ ಮೇಲೆ ರುದ್ರವ್ವ ಕುಳಿತಿದ್ದಳು.

"ಮಾಸ್ತರ, ಕ್ಯಾನು ಕೊಡ್ರಿ, ಮುಂಜಾನೆ ಹಾಲು ತರಬೇಕು. ಪಾನಕ ಚಲೋ ಆಗಿತ್ತೇನು? ಸಕ್ರಿ ಕಮ್ಮಿ ಬಿದ್ದಿತ್ತೇನೋ ಅಂತ ಒಂದs ಚಿಂತಿ ನನಗ."

"ಯಾವ ಪಾನಕ?"

"ಕ್ಯಾನಿನ್ಯಾಗಿಂದು! ನಿಮ್ಮ ಆ ನೀರಾ ಹನ್ನೆರಡಕ್ಕs ಬುಸುಬುಸು ಉಕ್ಕಾಕತ್ತಿತ್ತು. ಮುಚ್ಚಳ ಹಾರಿ ಹೋಗಿ ಆಚಿ ಖೋಲಿ ಕಾಶವ್ವನ ಅನ್ನದ ಗಂಗಾಳದಾಗ ಬಿತ್ತು. ಆ ವಾಸನಿ ಅಂದ್ರ! ಮೋರಿಗೆ ಸುರುವಿದೆ. ಹುಣಸಿಹಣ್ಣು ಹಚ್ಚಿ ಕ್ಯಾನು ತಿಕ್ಕಿ, ಸಭಾದಾಗ ನಿಮ್ಮ ಮಾನ ಹೋಗಬಾರದಂತ ಅಕ್ಕಿ ತೊಳದ ನೀರಿಗೆ ಸಕ್ರಿ ಹಾಕಿ, ನಾಕು ಲಿಂಬಿಹಣ್ಣು ಹಿಂಡಿ ತುಂಬಿದೆ. ಹೇಳಾಕ ಬಂದ್ರ ನೀವು ನನ್ನ ಬಾಯಾಗ ಮಾಪ್ರಾಣ ಹುಡುಕಾಕತ್ತಿದ್ರಿ."

ಮಾಸ್ತರರು ಕಂಬ ಹಿಡಿದುಕೊಂಡರು. ಅಕ್ಕಿ ತೊಳೆದ ನೀರು! ಹಾಗಾದರೆ ಯಾರೂ ಕುಡಿದಿರಲಿಲ್ಲ. ಯಾರಿಗೂ ನಶೆ ಏರಿರಲಿಲ್ಲ. ಗುನ್ನೆ ಇಲ್ಲ, ಅರ್ಜಿ ಬೇಡ. ಅದಕ್ಕಿಂತ ಮಿಗಿಲಾಗಿ, ಶೆಟ್ಟರು 'ಕಾಯಂ' ಎಂದದ್ದು ಸ್ವಸ್ಥಚಿತ್ತದಿಂದ! ಇಪ್ಪತ್ತು ವರ್ಷ ಕಾಪಾಡಿಕೊಂಡು ಬಂದ ಗ್ರಾಂಥಿಕ ಭಾಷೆ ಒಂದೇ ಏಟಿಗೆ ಕಳಚಿ ಬಿತ್ತು.

"ಯವ್ವಾ ರುದ್ರವ್ವಾ! ನನ್ನ ಜೀವಾ ಉಳಿಸಿದೆಲ್ಲಬೇ! ಬಾ ಒಳಗ, ಲಗೂನ ಬಾ!"

ಆಫೀಸು ಕೋಣೆಯಲ್ಲಿ ರುದ್ರವ್ವ ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಹೇಳಿ ಮುಗಿದ ಮೇಲೆ ಮಾಸ್ತರರು ಮೂವರ ಮುಖದಲ್ಲಿಯೂ ಸಂತೋಷವನ್ನು ಹುಡುಕಿದರು. ಸಿಗಲಿಲ್ಲ.

"ಅಂದ್ರೆ," ಎಂದರು ಶೆಟ್ಟರು ನಿಧಾನವಾಗಿ, "ನಾನು ನೆಟ್ಟಗೆ ಇರುವಾಗಲೇ ದಾನಪ್ಪನವರಿಗೆ ಅರವತ್ತು ಜನರೆದುರು ಕತ್ತೆ ಅಂದದ್ದಾ?"

"ಅಂದ್ರೆ," ಎಂದರು ಡಾಕ್ಟರು ಬೆವರೊರೆಸುತ್ತ, "ಗುಲಾಬಿ ಔಷಧದ ಮಾತು ನಾನು ಪ್ರಜ್ಞೆ ಇದ್ದೇ ಹೇಳಿದ್ದಾ?"

ದಾನಪ್ಪನವರ ಕೈ ತಾನಾಗಿ ಮೂಗಿನ ಮೇಲೆ ಹೋಗಿತ್ತು. ಮೂವತ್ತೊಂದು ವರ್ಷದ ಸಾಕ್ಷ್ಯಗಳೂ ಎಷ್ಟೋ ಮಂದಿಯ ಜೇಲುವಾಸವೂ ಆ ಮೂಗಿನ ತುದಿಯಲ್ಲಿ ತೂಗಾಡುತ್ತಿದ್ದವು. ಅವರು ಕ್ಯಾನನ್ನು ಎಳೆದುಕೊಂಡು, ತಳದಲ್ಲಿದ್ದ ಒಂದು ಗುಟುಕನ್ನು ಬಹುಹೊತ್ತು ಮೂಸಿದರು.

"ಪಕ್ಕಾ ಶೇಂದಿ," ಎಂದರು.

"ಕಳ್ಳೇ," ಎಂದರು ಶೆಟ್ಟರು.

"ತಾಡಿ. ಸಂಶಯವೇ ಇಲ್ಲ," ಎಂದರು ಡಾಕ್ಟರು.

"ನಿಮ್ಮ ಮೂಗಿಗೆ ನೆಗಡಿ ಬಂದೈತೇನ್ರಿ?" ಎಂದು ರುದ್ರವ್ವ ಕ್ಯಾನನ್ನು ಕಸಿದುಕೊಂಡು, ಉಳಿದದ್ದನ್ನು ಗಟಗಟನೆ ಕುಡಿದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನೋಡ್ರಿ! ಏನಾಗೈತಿ ನನಗ? ಸುಳ್ಳಗಳ್ಳ ಗಂಡಸರು!"

"ನೋಡಿದ್ರಾ, ಹೇಗೆ ಮೈಮೇಲೆ ಬರ್ತಾ ಇದ್ದಾರೆ," ಎಂದು ಡಾಕ್ಟರು ಗಂಭೀರವಾಗಿ ತಲೆಯಾಡಿಸಿದರು. "ನಶೆಯ ಮೊದಲನೇ ಲಕ್ಷಣ. ಪಾಪ, ಮನೆಗೆ ಕಳಿಸಿ."

"ಮಹನೀಯರೇ!" ಮಾಸ್ತರರು ನಡುವೆ ಬಂದು ನಿಂತರು. "ಇದು ಅನ್ಯಾಯ! ಅಕ್ಕಿ ತೊಳೆದ ನೀರನ್ನು ಮದ್ಯವೆನ್ನುವಿರಾ? ಆಗಲಿ. ನನ್ನ ಹೆಸರು ಕೆಟ್ಟರೂ ಚಿಂತೆಯಿಲ್ಲ. ಶೆಟ್ಟರೇ, ನೀವು ಕೊಟ್ಟ ಮಾತು?"

ಶೆಟ್ಟರ ಮುಖದಲ್ಲಿ ನಿಜವಾದ ವ್ಯಸನ ಕಾಣಿಸಿತು. "ಮಾತು ಮಾತೇ ಮಾಸ್ಟ್ರೇ. ಆದ್ರೆ ನಿಮ್ಮ ಅರ್ಜಿ ಉಂಟಲ್ಲ ದಾನಪ್ಪನವರ ಕೈಯಲ್ಲಿ! ಶಾಲೆಯ ಒಂದನೇ ನಿಯಮ ಎಂತದು? 'ಮದ್ಯವ್ಯಸನಿಗೆ ಈ ಶಾಲೆಯಲ್ಲಿ ಕಾಯಂ ಹುದ್ದೆ ಸಲ್ಲದು.' ನೀವೇ ಬರೆದದ್ದು. ಎಷ್ಟು ಚಂದ ಬರೆದಿದ್ದೀರಿ! ಹಂಗಾಮಿಗೆ ಅಡ್ಡಿ ಇಲ್ಲ. ನಾಳೆಯಿಂದ ಮೊದಲಿನ ಹಾಗೆಯೇ ನಡೀಲಿ."

ಎಲ್ಲರೂ ಜಗುಲಿಗೆ ಬಂದರು. ಶೆಟ್ಟರು ಸುಣ್ಣದ ಕಡ್ಡಿಯನ್ನು ತೆಗೆದುಕೊಂಡು ತಮ್ಮ ಕೈಯಿಂದಲೇ ಬರಿದು ಜಾಗದಲ್ಲಿ ಬರೆದು, ಕೈ ಝಾಡಿಸಿಕೊಂಡು, ದಾನಪ್ಪನವರ ಹೆಗಲ ಮೇಲೆ ಕೈಹಾಕಿ, ಸಾಂಬಾರು ಉಣಿಸಲು ಹೋಟೆಲಿಗೆ ಕರೆದುಕೊಂಡು ಹೋದರು. ಡಾಕ್ಟರು ಹಿಂಬಾಲಿಸಿದರು.

ಮಾಸ್ತರರು ಹಲಗೆಯನ್ನು ನೋಡಿದರು. ಶೆಟ್ಟರು 'ಹಗಾಮಿ' ಎಂದು ಬರೆದಿದ್ದರು. ಸೊನ್ನೆ ಬಿಟ್ಟುಹೋಗಿತ್ತು. ಹಾಗೆಯೇ ಬಿಟ್ಟು ಹೋಗಬೇಕೆಂದು ಮಾಸ್ತರರು ಎರಡು ಮೆಟ್ಟಿಲು ಇಳಿದರು, ಆಗಲಿಲ್ಲ. ಮತ್ತೆ ಹತ್ತಿ ಬಂದು, ಕಡ್ಡಿ ಎತ್ತಿಕೊಂಡು, ಹಕಾರದ ಪಕ್ಕದಲ್ಲಿ ದುಂಡನೆಯ ಸೊನ್ನೆಯೊಂದನ್ನು ಇಟ್ಟರು.

ಕೈಯ ಸುಣ್ಣ ಒರೆಸಲು ಜೇಬಿಗೆ ಕೈಹಾಕಿದಾಗ ಕರವಸ್ತ್ರದ ಬದಲು ಅರ್ಜಿಯ ನಕಲು ಬಂತು. ಅದರ ಕೊನೆಯ ಅಂಕಣವನ್ನು ಅವರು ಈಗ ಓದಿದರು: 'ಅರ್ಜಿದಾರನ ವ್ಯಸನ: ಹಂಗಾಮಿ / ಕಾಯಂ. ಅನ್ವಯಿಸದ್ದನ್ನು ಹೊಡೆದುಹಾಕಿ.'

ಡಾಕ್ಟರು 'ಹಂಗಾಮಿ'ಯನ್ನು ದಪ್ಪ ಗೀಟೆಳೆದು ಹೊಡೆದುಹಾಕಿದ್ದರು. ಉಳಿದದ್ದು, ಏಳು ವರ್ಷ ಮಾಸ್ತರರು ಕನಸಿನಲ್ಲಿ ಕಂಡ ಶಬ್ದ. ಒಂದು ಅಕ್ಷರವೂ ತಪ್ಪಿರಲಿಲ್ಲ.